ಕಣ್ಣಿನೊಳಗನ್ನು ಕಂಡ ಹೆಲ್ಮ್‌ಹೋಲ್ಟ್ಸ್

ಶ್ರೀರಂಗಪಟ್ಟಣದ ನಮ್ಮ ಮನೆಯಲ್ಲಿ ತಾತನವರಿಗೆ ಸಿಹಿಮೂತ್ರ ರೋಗವಿತ್ತು. ದೃಷ್ಟಿ ಮಂಜಾದಾಗ, ಪೊರೆ ಬಂದಿರಬೇಕು, ಬಲಿತ ಮೇಲೆ ತೆಗೆಸಿದರಾಯಿತು ಎಂದು ಎಲ್ಲರೂ ಸುಮ್ಮನಿದ್ದೆವು. ಕೊನೆಗೆ ವೈದ್ಯರು ಕಣ್ಣಿನೊಳಕ್ಕೆ ಬೆಳಕು ಬಿಟ್ಟು ನೋಡಿದಾಗ ಕೆಟ್ಟಿದ್ದುದು ಅಕ್ಷಿಪಟಲವೆಂದು ತಿಳಿಯಿತು. ಆ ವೇಳೆಗೆ ಹೊತ್ತು ಮೀರಿತ್ತು. ಹಾಗೆ ಒಳಗನ್ನು ನೋಡುವ ಉಪಾಯವನ್ನು ಲೋಕಕ್ಕೆ ಕೊಟ್ಟ ಮಹನೀಯನ ವೃತ್ತಾಂತವಿದು.

ಹರ್ಮನ್ ಹೆಲ್ಮ್‌ಹೋಲ್ಟ್ಸ್ 1821ರ ಆಗಸ್ಟ್ 31ರಂದು ಜರ್ಮನಿಯ ಪೊಟ್ಸ್‌ಡಾಮಿನಲ್ಲಿ ಜನಿಸಿದನು. ತಂದೆ ಉಪಾಧ್ಯಾಯರು. ಹುಡುಗನ ಒಲವೆಲ್ಲ ಭೌತಶಾಸ್ತ್ರದ ಕಡೆಗೆ; ಮನೆಯಲ್ಲಿ ಹಣವಿಲ್ಲ. ಸೈನ್ಯದಲ್ಲಿ ವೈದ್ಯನಾಗಿ ದುಡಿಯುವ ಕರಾರಿನ ಮೇಲೆ ಸರ್ಕಾರದ ಖರ್ಚಿನಲ್ಲಿ ಬರ್ಲಿನ್ನಿನಲ್ಲಿ ವೈದ್ಯವಿದ್ಯೆ ಕಲಿತನು. ವಿದ್ಯಾರ್ಥಿವೇತನವನ್ನೇ ನೆಚ್ಚಿ ಓದುವ ನಮ್ಮಲ್ಲನೇಕರಿಗೆ ಈ ಸಂಗತಿ ಹತ್ತಿರವೆನಿಸೀತು. 1847ರಲ್ಲಿ ಶಕ್ತಿಯ ನಿತ್ಯತ್ವವನ್ನು ಕುರಿತ ಪ್ರಬಂಧದಿಂದ ಹೆಸರಾಗಿ, 1849ರಲ್ಲಿ ಕೋನಿಗ್ಸ್‌ಬರ್ಗಿನಲ್ಲಿ ಅಧ್ಯಾಪಕನಾದನು.

ಅಲ್ಲಿ ಮರುವರ್ಷ ಪಾಠಕ್ಕೆ ಸಿದ್ಧನಾಗುತ್ತಿದ್ದಾಗ ಒಂದು ಪ್ರಶ್ನೆ ಅವನನ್ನು ಹಿಡಿಯಿತು. ಕಣ್ಣಿನ ಪಾಪೆ ಕಪ್ಪಗೇಕೆ ಕಾಣುತ್ತದೆ? ಒಳಹೊಕ್ಕ ಬೆಳಕು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಅದನ್ನು ನೋಡಲು ಹೋದರೆ ನಮ್ಮ ತಲೆಯೇ ದೀಪಕ್ಕೆ ಅಡ್ಡವಾಗುತ್ತದೆ. ಹೆಲ್ಮ್‌ಹೋಲ್ಟ್ಸ್ ಓರೆಯಾಗಿಟ್ಟ ಗಾಜಿನ ಬಿಲ್ಲೆಗಳಿಂದ ದೀಪದ ಬೆಳಕನ್ನು ಕಣ್ಣೊಳಕ್ಕೆ ತಿರುಗಿಸಿ, ಮರಳಿ ಬಂದುದನ್ನು ಅದೇ ಗಾಜಿನ ಮೂಲಕ ನೋಡಿದನು. ಸಾಮಗ್ರಿಯೆಂದರೆ ರಟ್ಟು, ಕನ್ನಡಕದ ಮಸೂರ, ಸೂಕ್ಷ್ಮದರ್ಶಕದ ತೆಳುಗಾಜು, ಅಷ್ಟೆ! ಕೆಲವು ದಿನ ಹೆಣಗಿದ ಮೇಲೆ ಜೀವಂತ ಮನುಷ್ಯನ ಅಕ್ಷಿಪಟಲವೂ ಅದರ ಮೇಲೆ ಕವಲೊಡೆದ ರಕ್ತನಾಳಗಳೂ ಸ್ಪಷ್ಟವಾಗಿ ಕಂಡವು. 1850ರ ಡಿಸೆಂಬರ್ 6ರಂದು ಬರ್ಲಿನ್ನಿನ ಭೌತಶಾಸ್ತ್ರ ಸಂಘಕ್ಕೆ ಇದನ್ನು ತಿಳಿಸಿದನು. ಬೆಳಕು ಬಿದ್ದರೆ ರೋಗದ ಕಣ್ಣು ಇನ್ನೂ ಕೆಟ್ಟೀತೆಂದು ಹೆದರಿದ ವೈದ್ಯರೂ ಇದ್ದರಂತೆ.

1855ರಲ್ಲಿ ವಿಯೆನ್ನಾದ ಯೇಗರ್ ಎಂಬ ವೈದ್ಯನು ಸಿಹಿಮೂತ್ರ ರೋಗಿಯ ಅಕ್ಷಿಪಟಲದಲ್ಲಿ ವಿಕಾರಗಳನ್ನು ಕಂಡುದು ಈ ನೇತ್ರದರ್ಶಕದ ಬಲದಿಂದಲೇ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿದ್ದರೆ ಅಲ್ಲಿನ ಅತಿಸೂಕ್ಷ್ಮ ನಾಳಗಳ ಗೋಡೆ ಸಡಿಲಗೊಂಡು ಉಬ್ಬುತ್ತದೆ, ಸೋರುತ್ತದೆ. ಮುಂದೆ ಹೊಸದಾಗಿ ಹುಟ್ಟಿದ ಬಡನಾಳಗಳು ಒಡೆದು ಕಣ್ಣೊಳಗೆ ರಕ್ತ ಹರಡುತ್ತದೆ. ಮೊದಮೊದಲು ನೋವಿಲ್ಲ, ನೋಟವೂ ಕುಂದದು. ಆದರೆ ಒಳಗೆ ನೋಡುವವರಿಗೆ ಆಗಲೇ ಕೆಂಪು ಚುಕ್ಕೆಗಳು ಕಾಣುತ್ತವೆ. ತಾತನವರ ಕಣ್ಣನ್ನು ಆ ಹಂತದಲ್ಲಿ ಯಾರೂ ನೋಡಲಿಲ್ಲ.

ಹೆಲ್ಮ್‌ಹೋಲ್ಟ್ಸ್ ಮಾತ್ರ ಕಣ್ಣಿಗೇ ನಿಂತುಬಿಡಲಿಲ್ಲ. ನಾದವನ್ನು ಕುರಿತು ಬರೆದನು. 1871ರಿಂದ ಬರ್ಲಿನ್ನಿನಲ್ಲಿ ತನ್ನ ಮೊದಲ ಪ್ರೀತಿಯಾದ ಭೌತಶಾಸ್ತ್ರವನ್ನೇ ಬೋಧಿಸಿದನು. ವಿದ್ಯುತ್ಕಾಂತ ಅಲೆಗಳನ್ನು ತೋರಿಸಿಕೊಟ್ಟ ಹರ್ಟ್ಸ್ ಅವನ ಶಿಷ್ಯ. 1893ರಲ್ಲಿ ಅಮೆರಿಕೆಯಿಂದ ಮರಳುವಾಗ ಹಡಗಿನ ಮೆಟ್ಟಿಲಿನಿಂದ ಬಿದ್ದನು. 1894ರ ಸೆಪ್ಟೆಂಬರ್ 8ರಂದು ತೀರಿಕೊಂಡನು.

ಅವನ ರಟ್ಟಿನ ಉಪಕರಣದ ಸಂತತಿಯೇ ಇಂದಿನ ಅಕ್ಷಿಪಟಲದ ಕ್ಯಾಮೆರಾ. ಬೆಂಗಳೂರಿನಲ್ಲೇ ತಯಾರಾದ ತ್ರಿನೇತ್ರವೆಂಬುದು ಅಂಥದೊಂದು. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಚಿತ್ರ ತೆಗೆಸಿದರೆ ಲೇಸರ್ ಕಿರಣದಿಂದಲೋ ಚುಚ್ಚುಮದ್ದಿನಿಂದಲೋ ಕೇಡನ್ನು ಬಹುಮಟ್ಟಿಗೆ ತಡೆಯಬಹುದು. ಈಗ ನಮ್ಮ ತಾಯಿಯವರಿಗೂ ಸಕ್ಕರೆ ಬಂದಿದೆ. ಕಣ್ಣು ಚೆನ್ನಾಗಿಯೇ ಕಾಣುತ್ತದಲ್ಲ, ಏಕೆ ಎಂದರು. ಆದರೂ ಮಂಡ್ಯಕ್ಕೆ ಕರೆದೊಯ್ದು ಚಿತ್ರ ತೆಗೆಸಿದೆವು.