ಮಿತಾಕ್ಷರೆಯ ವಿಜ್ಞಾನೇಶ್ವರ

ಹಿಂದೂಗಳ ಆಸ್ತಿವ್ಯಾಜ್ಯಗಳಲ್ಲಿ ಬಹುಕಾಲ ಪ್ರಮಾಣವೆನಿಸಿದ ಮಿತಾಕ್ಷರೆಯನ್ನು ರಚಿಸಿದವನು ಕನ್ನಡ ನಾಡಿನಲ್ಲಿ ಬಾಳಿದ ಒಬ್ಬ ಸಂನ್ಯಾಸಿ. ಮನೆಮಾರು ತೊರೆದವನ ಮಾತಿನಂತೆ ಮಂದಿ ಮನೆಮಾರು ಹಂಚಿಕೊಂಡದ್ದು ಒಂದು ಸೋಜಿಗವೇ. ವಿಜ್ಞಾನೇಶ್ವರನ ತಂದೆ ಪದ್ಮನಾಭ ಭಟ್ಟ, ಗುರು ಉತ್ತಮ. ಆಳುತ್ತಿದ್ದ ದೊರೆ ಚಾಲುಕ್ಯ ವಂಶದ ಆರನೆಯ ವಿಕ್ರಮಾದಿತ್ಯ (1076–1126). ಕಾಶ್ಮೀರದ ಬಿಲ್ಹಣನು ಕಾವ್ಯನಾಯಕನನ್ನಾಗಿ ಮಾಡಿಕೊಂಡದ್ದೂ ಇವನನ್ನೇ. ರಾಜಧಾನಿ ಕಲ್ಯಾಣ, ಎಂದರೆ ಇಂದಿನ ಬಸವಕಲ್ಯಾಣ. ಶಿರಸಿ, ಎಕ್ಕಂಬಿಗಳ ಮಲೆಸೀಮೆಯೂ ಬನವಾಸಿ ನಾಡಿನೊಡನೆ ಆ ದೊರೆಯ ಆಳ್ವಿಕೆಗೇ ಸೇರಿತ್ತು.

ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಈ ವ್ಯಾಖ್ಯಾನದಲ್ಲಿ ದಾಯವಿಭಾಗದಷ್ಟು ಪ್ರಸಿದ್ಧಿ ಪಡೆಯದ ಭಾಗವೊಂದಿದೆ. ಅದು ಸಾಕ್ಷಿಗಳನ್ನೂ ಕಳ್ಳತನವನ್ನೂ ಕುರಿತದ್ದು. ಎಕ್ಕಂಬಿಯ ಕಾಡುದಾರಿಯಲ್ಲಿ ಮೆಣಸಿನ ಹೇರು ಹೊತ್ತ ಎತ್ತುಗಳನ್ನು ದರೋಡೆಕೋರರು ತಡೆದರೆಂದು ಊಹಿಸಿಕೊಳ್ಳೋಣ. ಅಂಥ ಕೃತ್ಯಕ್ಕೆ ಕುಲೀನ ಸಾಕ್ಷಿಗಳನ್ನು ಎಲ್ಲಿಂದ ತರುವುದು? ಆದುದರಿಂದಲೇ ಚೌರ್ಯ ಸಾಹಸಗಳಲ್ಲಿ ಯಾರು ಬೇಕಾದರೂ ಸಾಕ್ಷಿಯಾಗಬಹುದೆಂದು ಸ್ಮೃತಿಯು ಬಾಗಿಲನ್ನು ಅಗಲವಾಗಿ ತೆರೆಯಿತು. ವಿಜ್ಞಾನೇಶ್ವರನು ಅಲ್ಲೊಂದು ಅಗುಳಿಯನ್ನಿಟ್ಟನು. ದುಷ್ಟರು, ಕರೆಯದೆ ತಾವಾಗಿಯೇ ಬಂದು ನುಡಿಯುವವರು, ಪರಸ್ಪರ ಭೇದದಿಂದ ಕೆಟ್ಟ ಸಾಕ್ಷಿಗಳು ಇಲ್ಲಿಯೂ ಸಾಕ್ಷಿಗಳಲ್ಲ. ಏಕೆಂದರೆ ಸತ್ಯದ ಅಭಾವವೆಂಬ ಕಾರಣವು ಇಲ್ಲಿಯೂ ಇದ್ದೇ ಇದೆ. ಭೇದವೆಂದರೆ, ನಾರದನ ಪ್ರಕಾರ, ಹೆಸರಿಸಿದ ಸಾಕ್ಷಿಗಳಲ್ಲಿ ಒಬ್ಬನು ಬೇರೆ ನುಡಿದರೂ ಎಲ್ಲರೂ ಅಸಾಕ್ಷಿಗಳಾಗುವುದು. ಇಂದಿನ ನ್ಯಾಯಾಲಯಗಳೂ ಇಷ್ಟು ಕಠಿನವಲ್ಲ: ಸಣ್ಣಪುಟ್ಟ ವ್ಯತ್ಯಾಸಗಳನ್ನು ಬದಿಗಿರಿಸಿ, ಮುಖ್ಯಾಂಶದಲ್ಲಿಯೇ ಸಾಕ್ಷ್ಯವು ಒಡೆದಾಗ ಸಂಶಯದ ಲಾಭವಿತ್ತು ಆರೋಪಿಯನ್ನು ಬಿಡುತ್ತವೆ.

ಕದ್ದ ಮಾಲು ಕೈಯಲ್ಲಿ ಸಿಕ್ಕಿತೆಂಬಷ್ಟರಿಂದಲೇ ಕಳ್ಳನೆಂದು ನಿಶ್ಚಯಿಸಲು ಆತನು ಒಪ್ಪುವುದಿಲ್ಲ. ಅದು ಇನ್ನೊಬ್ಬನ ಕೈಯಿಂದ ಜಾರಿ ಬಿದ್ದಿರಬಹುದು, ಕಳ್ಳನೇ ಎಸೆದು ಹೋಗಿರಬಹುದು, ಪರೀಕ್ಷೆ ಬೇಕು. ಮಾಂಡವ್ಯನ ಕಥೆ ಎಲ್ಲರೂ ಬಲ್ಲದ್ದೇ: ಕಳ್ಳರು ಆಶ್ರಮದಲ್ಲಿ ಬಚ್ಚಿಟ್ಟ ಗಂಟಿಗಾಗಿ ಮೌನಿಯಾದ ಋಷಿ ಶೂಲಕ್ಕೇರಿದನು.

ಹಾಗೆಂದು ಇಂದಿನ ನ್ಯಾಯವನ್ನೆಲ್ಲ ಮಿತಾಕ್ಷರೆಯಲ್ಲಿ ಕಾಣಹೊರಡುವುದು ಅತ್ಯುತ್ಸಾಹವಾದೀತು. ಶಂಕೆಯಿಂದ ಹಿಡಿಯಲ್ಪಟ್ಟವನು ತಾನೇ ತನ್ನನ್ನು ಶೋಧಿಸಿಕೊಳ್ಳಬೇಕಿತ್ತು. ಮಾನುಷ ಪ್ರಮಾಣವಿಲ್ಲದಿದ್ದರೆ ದಿವ್ಯಕ್ಕೆ ನಿಲ್ಲಬೇಕಿತ್ತು. ನಿರಪರಾಧಿಗೆ ಕಾದ ಕಬ್ಬಿಣವು ಯಾವ ಸಮಾಧಾನ!

1810ರಲ್ಲಿ ಕೋಲ್‌ಬ್ರೂಕನು ಇಂಗ್ಲಿಷಿಗೆ ತಿರುಗಿಸಿದ್ದು ದಾಯವಿಭಾಗವನ್ನು. ವಕೀಲರ ಬಾಯಲ್ಲಿ ವಿಜ್ಞಾನೇಶ್ವರನ ಹೆಸರು ನೆಲೆಸಿದ್ದು ಅದರಿಂದ. ಸಾಕ್ಷ್ಯಕ್ಕೆ 1872ರ ಅಧಿನಿಯಮ ಬಂದಿತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮವಿದೆ. ಅವಿಭಕ್ತ ಕುಟುಂಬದ ಪಾಲುಪಟ್ಟಿಯ ದಾವೆಗಳಲ್ಲಿ ಮಾತ್ರ ಮಿತಾಕ್ಷರೆಯ ಹೆಸರು ಇಂದಿಗೂ ಕೇಳಿಬರುತ್ತದೆ.