ವಿಮಾನಶಿಲ್ಪಿ ಡಾ. ಘಾಟಗೆ

ಹುಕ್ಕೇರಿ ತಾಲೂಕಿನ ಸಂಕೇಶ್ವರವನ್ನು ಬಿಟ್ಟು ಹಿರಣ್ಯಕೇಶಿಯ ಹರಿವಿಗೆ ಎದುರಾಗಿ ಪಶ್ಚಿಮಕ್ಕೆ ಹೊರಟರೆ ಅಲ್ಪಾವಕಾಶದಲ್ಲಿಯೇ ಗಡಹಿಂಗ್ಲಜದ ಸೀಮೆ ಬರುವದು. ಪ್ರಾಂತಗಳ ಗೆರೆಯು ಅಲ್ಲಿ ನಕಾಶೆಯಲ್ಲಿ ಎಷ್ಟು ಸ್ಪಷ್ಟವಾಗಿದೆಯೋ ಜನರ ಬಾಯಲ್ಲಿ ಅಷ್ಟು ಸ್ಪಷ್ಟವಾಗಿಲ್ಲ. ಕನ್ನಡ ಮರಾಠಿಗಳೆರಡೂ ಒಂದೇ ಸಂತೆಯಲ್ಲಿ ವ್ಯವಹರಿಸುತ್ತವೆ. ಆ ತಾಲೂಕಿನ ಹಸೂರಚಂಪೂ ಎಂಬ ಗ್ರಾಮದಲ್ಲಿ 1908ನೆಯ ಇಸವಿ ಅಕ್ಟೋಬರ 24ರಂದು ವಿಷ್ಣು ಮಾಧವ ಘಾಟಗೆಯವರು ಜನಿಸಿದರು. ಅಮೇರಿಕೆಯ ರಾಯಿಟ್ ಸಹೋದರರು ಯಂತ್ರಬಲದಿಂದ ಆಕಾಶಕ್ಕೇರಿ ಆಗ ಐದು ವರ್ಷಗಳೂ ತುಂಬಿರಲಿಲ್ಲ. ಸ್ವತಂತ್ರ ಹಿಂದುಸ್ಥಾನವು ತಾನೇ ರೇಖಿಸಿ ತಾನೇ ಕಟ್ಟಿ ಹಾರಿಸಿದ ಮೊದಲನೆಯ ವಿಮಾನಕ್ಕೆ ಕಾರಣಪುರುಷರಾದವರು ಈ ಘಾಟಗೆಯವರೇ ಎಂಬುದನ್ನು ನಮ್ಮ ಗಡಿನಾಡಿನ ವಾಚಕರಲ್ಲಿ ಎಷ್ಟು ಜನರು ಬಲ್ಲರೋ ಹೇಳಲಾರೆವು.

ಮುಂಬಯಿಯಲ್ಲಿ ಉಚ್ಚ ಶಿಕ್ಷಣ ಮುಗಿಸಿ ಅವರು ಜರ್ಮನಿಯ ಗ್ಯೋಟಿಂಗೆನ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಅಲ್ಲಿ ಅವರಿಗೆ ದೊರೆತ ಗುರುಗಳು ಲೂಡ್ವಿಗ್ ಪ್ರಾಂಟಲ್. ಹರಿಯುವ ಗಾಳಿಯು ಘನಪದಾರ್ಥದ ಮೈಗೆ ತಗಲಿದಲ್ಲಿ ಒಂದು ತೆಳುವಾದ ಪದರಿನೊಳಗೆ ತನ್ನ ವೇಗವನ್ನು ಕಳೆದುಕೊಳ್ಳುವದೆಂದೂ, ರೆಕ್ಕೆಯ ಮೇಲಿನ ಎಳೆತದ ರಹಸ್ಯವು ಬಹುಮಟ್ಟಿಗೆ ಆ ಪದರಿನಲ್ಲಿ ಅಡಗಿರುವದೆಂದೂ 1904ರಲ್ಲಿ ತೋರಿಸಿಕೊಟ್ಟು, ಆಧುನಿಕ ವಿಮಾನಶಾಸ್ತ್ರಕ್ಕೆ ತಳಹದಿ ಹಾಕಿದ ಮಹಾಪಂಡಿತರವರು. ಅಂಥವರ ಕೈಕೆಳಗೆ ಅಭ್ಯಾಸ ಮಾಡಿ 1936ರಲ್ಲಿ ಘಾಟಗೆಯವರು ಡಾಕ್ಟರ ಪದವಿಯನ್ನು ಪಡೆದರು. ವಿದ್ಯೆಯೇನೋ ಕೈಸೇರಿತು. ಆದರೆ ಅದನ್ನು ಪ್ರಯೋಗಿಸಲು ಆ ಕಾಲಕ್ಕೆ ಈ ದೇಶದಲ್ಲಿ ವಿಮಾನ ಕಟ್ಟುವ ಕಾರಖಾನೆ ಒಂದೂ ಇದ್ದಿಲ್ಲ.

ಆ ಕೊರತೆಯನ್ನು ನೀಗಿದ ಕೀರ್ತಿ ಉದ್ಯಮಿ ವಾಲಚಂದ ಹಿರಾಚಂದರಿಗೂ ಮೈಸೂರು ಸರಕಾರಕ್ಕೂ ಸಲ್ಲತಕ್ಕದ್ದು. 1940ರ ಡಿಸೆಂಬರದಲ್ಲಿ ಬೆಂಗಳೂರಿನಲ್ಲಿ ಹಿಂದುಸ್ಥಾನ ಏರಕ್ರಾಫ್ಟ್ ಕಂಪನಿಯು ಜನ್ಮವೆತ್ತಿತು. ಘಾಟಗೆಯವರು ಆರಂಭಕಾಲದಿಂದಲೇ ಅದರಲ್ಲಿದ್ದರು. ಮಹಾಯುದ್ಧದ ದಿವಸಗಳು. ಪರದೇಶದ ನಕಾಶೆಯ ಮೇಲಿಂದ ಹಾರ್ಲೋ ಎಂಬ ಶಿಕ್ಷಣವಿಮಾನವು 1941ರಲ್ಲಿ ಅಲ್ಲಿ ಜೋಡಣೆಗೊಂಡಿತು. ಅದೇ ವೇಳೆಗೆ ಎಂಜಿನ್ನಿಲ್ಲದೆ ತೇಲುವ, ಹತ್ತು ಜನ ಕೂಡ್ರುವ ಗ್ಲಾಯಡರ ಒಂದು ಅಲ್ಲಿಯೇ ರೇಖಿಸಲ್ಪಟ್ಟಿತು. 1942ರಲ್ಲಿ ಭಾರತೀಯ ವಿಜ್ಞಾನಮಂದಿರದಲ್ಲಿ ವಿಮಾನಶಾಸ್ತ್ರದ ಶಾಖೆಯು ತೆರೆದಾಗ ಅದರ ಭಾರವೂ ಮೊದಲು ಇವರ ಹೆಗಲಿಗೇ ಬಂದಿತು. ಕಟ್ಟುವವರಿಗೆ ಕಲಿಸುವ ಕೆಲಸ ತಪ್ಪದ ಕಾಲವದು.

ಆದರೂ ಯುದ್ಧ ಮುಗಿಯುವವರೆಗೆ ಕಾರಖಾನೆಯ ಮುಖ್ಯ ಕಾರ್ಯವು ಪರರ ವಿಮಾನಗಳ ರಿಪೇರಿಯೇ ಆಗಿದ್ದಿತು. ಸ್ವರಾಜ್ಯ ಬಂದ ಬಳಿಕ ನಮ್ಮದೇ ಆದ ಶಿಕ್ಷಣವಿಮಾನವೊಂದು ಬೇಕೆಂದು ನಿರ್ಧಾರವಾಗಿ, ಅದನ್ನು ರೇಖಿಸುವ ಮಂಡಲದ ಮುಂದಾಳುತನವು ಘಾಟಗೆಯವರ ಪಾಲಿಗೆ ಬಂದಿತು. ಅಲ್ಲಿಯವರೆಗೆ ನಮ್ಮ ತರುಣರು ಹಾರಲು ಕಲಿಯುತ್ತಿದ್ದದ್ದು ಟೈಗರ್ ಮಾಥ್ ಎಂಬ ಜೋಡುರೆಕ್ಕೆಯ, ಬಟ್ಟೆ ಹೊದಿಸಿದ ವಿಲಾಯತಿ ವಿಮಾನದ ಮೇಲೆ. ಘಾಟಗೆಯವರ ಎಚ್.ಟಿ.-2 ಪೂರ್ತಿ ಲೋಹದ್ದು. ಕೆಳಗಡೆ ಒಂದೇ ರೆಕ್ಕೆ. ಗುರು ಶಿಷ್ಯರಿಗೆ ಹಿಂದೆ ಮುಂದೆ ಎರಡು ಆಸನ. ಇಳಿಯುವಾಗ ಮುಂದಿನೆರಡು ಗಾಲಿ ಮತ್ತು ಬಾಲದ ಚಿಕ್ಕ ಗಾಲಿಯ ಮೇಲೆ ಭಾರ. 1951ರ ಆಗಸ್ಟದಲ್ಲಿ ಅದು ಬೆಂಗಳೂರಿನ ಆಕಾಶಕ್ಕೇರಿತು. ಎಂಜಿನ್ನು ಮಾತ್ರ ಇಂಗ್ಲಂಡದ್ದಾಗಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅದರಿಂದ ಆ ಸಾಧನೆಯ ಬೆಲೆ ಕುಂದುವದಿಲ್ಲ. ಆ ಮಾದರಿಯ ನೂರೆಪ್ಪತ್ತಕ್ಕೂ ಮಿಕ್ಕಿ ವಿಮಾನಗಳು ತಯಾರಾದವು. ಆಫ್ರಿಕೆಯ ಘಾನಾ ದೇಶವೂ ಕೆಲವನ್ನು ಕೊಂಡಿತು. ಸುಮಾರು ನಾಲ್ಕು ದಶಕಗಳ ಕಾಲ ನಮ್ಮ ವೈಮಾನಿಕರ ತಲೆಮಾರುಗಳು ಮೊದಲ ಪಾಠವನ್ನು ಅದರಲ್ಲಿಯೇ ಕಲಿತವು.

ಬಳಿಕ ಪುಷ್ಪಕ, ಕೃಷಕ ಎಂಬ ಹಗುರ ವಿಮಾನಗಳೂ, 1964ರಲ್ಲಿ ಹಾರಿದ ಕಿರಣವೆಂಬ ಜೆಟ್ ಶಿಕ್ಷಣವಿಮಾನವೂ ಆ ಸಂಸ್ಥೆಯಿಂದ ಹೊರಟವು. ಜರ್ಮನಿಯ ಕುರ್ಟ್ ಟ್ಯಾಂಕರನ್ನು ಕರೆತಂದು ರೇಖಿಸಿದ ಮಾರುತವೆಂಬ ಕಾಳಗದ ವಿಮಾನವು 1961ರಲ್ಲಿ ಹಾರಿತು. 1965ರಲ್ಲಿ ಸರಕಾರವು ಘಾಟಗೆಯವರನ್ನು ಪದ್ಮಶ್ರೀ ಬಿರುದಿನಿಂದ ಗೌರವಿಸಿತು. 1991ರ ಡಿಸೆಂಬರ 6ರಂದು ಅವರು ಕಾಲವಾದರು. ಬೆಂಗಳೂರಿನ ಒಂದು ಸಭಾಭವನಕ್ಕೆ ಇಂದು ಅವರ ಹೆಸರಿದೆ.

ಆದರೆ ಶಿಲ್ಪಿಯ ನಿಜವಾದ ಸ್ಮಾರಕವು ಅವನು ಕಟ್ಟಿದ ವಸ್ತುವೇ. ಹಳೆಯ ವಿಮಾನಗಳ ಗತಿಯೇನಾಗುವದೆಂಬುದನ್ನು ವಿಚಾರಿಸಿ ನೋಡಿದರೆ ಚಿಂತೆಯಾಗುವದು. ಸೇವೆ ಮುಗಿದ ವಿಮಾನವು ದಫ್ತರದ ಲೆಕ್ಕದಲ್ಲಿ ಇಷ್ಟು ಮಣ ಅಲ್ಯುಮಿನಿಯಂ ಎಂದಷ್ಟೇ ಉಳಿಯುವದು. ಲಿಲಾವಿನಲ್ಲಿ ಹೋದದ್ದು ಪಾತ್ರೆಯಾಗಿ ಬರುವದು. ಇದಕ್ಕೆ ಘಾಟಗೆಯವರ ಕಾರಖಾನೆಯ ಇತಿಹಾಸದಿಂದಲೇ ಒಂದು ದೃಷ್ಟಾಂತ ಕೊಡುವೆವು. ಮಹಾಯುದ್ಧ ಮುಗಿದಾಗ ಪರದೇಶೀ ಸೇನೆಯು ಲಿಬರೇಟರ ಎಂಬ ಭಾರಿ ಬಾಂಬುವಿಮಾನಗಳನ್ನು, ಮತ್ತಾರಿಗೂ ಉಪಯೋಗಕ್ಕೆ ಬಾರದಂತೆ ಕೆಡಿಸಿ, ಕಾನಪುರದಲ್ಲಿ ಬಿಟ್ಟುಹೋಯಿತು. ನಮ್ಮ ಕೆಲಸಗಾರರು ಅವುಗಳಲ್ಲಿ ಹಲವನ್ನು ಹಾರುವಷ್ಟು ನೆಟ್ಟಗೆ ಮಾಡಿ, ಬೆಂಗಳೂರಿಗೆ ತಂದು, ಪೂರ್ತಿ ದುರಸ್ತಿ ಮಾಡಿ ನಮ್ಮ ವಾಯುದಳಕ್ಕೆ ಒಪ್ಪಿಸಿದರು. 1968ರವರೆಗೆ ಅವು ಸೇವೆ ಸಲ್ಲಿಸಿದವು. ತರುವಾಯ ಇಂಗ್ಲಂಡ, ಅಮೇರಿಕ, ಕೆನಡಾಗಳ ವಸ್ತುಸಂಗ್ರಹಾಲಯಗಳು, ತಮ್ಮ ನಾಡಿನಲ್ಲಿ ಅಂಥವು ಸಿಕ್ಕುವದು ದುರ್ಲಭವಾದದ್ದರಿಂದ, ಅವುಗಳಿಗಾಗಿ ನಮ್ಮ ಬಾಗಿಲಿಗೆ ಬಂದವು. ಬಿಟ್ಟುಹೋದವರೇ ಬಂದು ಕೇಳಿ ಒಯ್ದು ಈಗ ಸೂರಿನ ಕೆಳಗೆ ಅಕ್ಕರೆಯಿಂದ ಕಾಯುತ್ತಿದ್ದಾರೆ! ದಿಲ್ಲಿಯ ಪಾಲಂ ಸಂಗ್ರಹಾಲಯದಲ್ಲಿ ನಾವೂ ಒಂದನ್ನು ಇಟ್ಟುಕೊಂಡದ್ದು ಪುಣ್ಯ.

ಬೆಂಗಳೂರಿನಲ್ಲಿ ಕಾರಖಾನೆಯವರು ತಮ್ಮದೇ ಸಂಗ್ರಹಾಲಯವನ್ನು ತೆರೆದದ್ದು 2001ರಲ್ಲಿ, ಘಾಟಗೆಯವರು ಗತಿಸಿ ಹತ್ತು ವರ್ಷಗಳಾದ ಮೇಲೆ. ಹಳೆಯ ವಿಮಾನನಿಲ್ದಾಣದ ರಸ್ತೆಯಲ್ಲಿರುವ ಅಲ್ಲಿ ಎಂಜಿನ್ನುಗಳನ್ನು ಹೊಟ್ಟೆ ಬಗೆದು ತೋರಿಸಿರುವರು, ವರ್ಷವರ್ಷದ ಚಿತ್ರಗಳಿವೆ, ಅಂಗಳದಲ್ಲಿ ಎಚ್.ಟಿ.-2, ಮಾರುತ, ಕಿರಣಗಳು ನಿಂತಿವೆ. ಕಬ್ಬನ್ ಉದ್ಯಾನದ ಮಗ್ಗುಲಲ್ಲಿರುವ ವಿಶ್ವೇಶ್ವರಯ್ಯ ಸಂಗ್ರಹಾಲಯದ ಮುಂದೆಯೂ ಒಂದು ಮಾರುತವುಂಟು. ಇದು ಸ್ತುತ್ಯವಾದ ಕಾರ್ಯವೆಂಬುದರಲ್ಲಿ ಎರಡು ಮಾತಿಲ್ಲ.

ಒಂದು ಆಕ್ಷೇಪಣೆಯನ್ನು ಮಾತ್ರ ಹೇಳದೆ ಬಿಡಲಾರೆವು. ಬಯಲಲ್ಲಿ ನಿಲ್ಲಿಸಿದ ವಿಮಾನವು ನಿಂತಲ್ಲಿಯೇ ಸಾಯುವದು. ಹಾರುವ ವಿಮಾನಕ್ಕೆ ನಿತ್ಯದ ಆರೈಕೆಯುಂಟು. ಪ್ರದರ್ಶನದ ವಿಮಾನಕ್ಕೆ ಬಣ್ಣ ಬಳಿದರೆ ಸಾಕೆಂಬ ಭಾವನೆ ಬಹಳ ಕಡೆಗೆ ಇದೆ. ಅಲ್ಯುಮಿನಿಯಂ ತಗಡಿಗೆ ಉಕ್ಕಿನ ಮೊಳೆ ತಗಲಿದಲ್ಲಿ ಮಳೆನೀರು ಸೇರಿದರೆ ತಗಡು ಒಳಗಿಂದೊಳಗೆ ಹಿಟ್ಟಾಗುವದು. ಮೇಲಿನ ಹೊಸ ಬಣ್ಣವು ಆ ಹುಣ್ಣನ್ನು ಮರೆಸುವದಷ್ಟೇ. ಬಿಸಿಲಿಗೆ ಚಾಲಕನ ಮುಚ್ಚಳಿಕೆಯ ಗಾಜು ಬಿರಿದು ಮಂಜಾಗುವದು. ಸಂದಿಗಳಲ್ಲಿ ಹಕ್ಕಿಗಳು ಗೂಡು ಕಟ್ಟುವವು. ರಬ್ಬರ ಗಾಲಿ ಕೂತುಹೋಗುವದು. ಭಾರವನ್ನು ಗಾಲಿಯಿಂದ ತಪ್ಪಿಸಿ ಆನಿಕೆಯ ಮೇಲೆ ನಿಲ್ಲಿಸುವದು, ಒಳಗೆ ಕೂತ ನೀರು ಇಳಿದುಹೋಗಲು ದಾರಿ ಮಾಡುವದು, ಎಲ್ಲಕ್ಕೂ ಮಿಗಿಲಾಗಿ ಮೇಲೊಂದು ಛಾವಣಿ ಹಾಕುವದು: ಇವೇನು ಕುಬೇರನ ಖರ್ಚಿನ ಕೆಲಸಗಳಲ್ಲ.

ಊರೂರಿನ ಚೌಕಗಳಲ್ಲಿ ಕಂಬದ ಮೇಲೆ ವಿಮಾನ ನಿಲ್ಲಿಸುವ ಉತ್ಸಾಹವು ಈಚೆಗೆ ಹೆಚ್ಚಾಗಿದೆ. ನಮ್ಮ ಬೆಳಗಾವಿ ಜಿಲ್ಹೆಯಲ್ಲಿ, ಸಾಂಬ್ರೆಯ ವಾಯುದಳ ಶಿಕ್ಷಣಶಾಲೆಯ ನೆರೆಯಲ್ಲಿರಲಿ, ಘಾಟಗೆಯವರ ಹುಟ್ಟೂರಿಗೆ ಸಮೀಪವಾದ ಸಂಕೇಶ್ವರದಲ್ಲಿರಲಿ, ಅಂಥದೊಂದು ಬಂದರೆ ನಮಗೂ ಸಂತೋಷವೇ. ಆದರೆ ಛಾವಣಿಯ ಹಣವೂ, ವರ್ಷಕ್ಕೆರಡು ಸಲ ಮೊಳೆ ಮೊಳೆ ತಟ್ಟಿ ನೋಡುವ ಜವಾಬುದಾರ ಮನುಷ್ಯನೂ ಮೊದಲು ಗೊತ್ತಾಗಲಿ. ಕಂಬವು ಆಮೇಲೆ ಏಳಲಿ. ಅಲ್ಲಿಯವರೆಗೆ ಹುಕ್ಕೇರಿ, ಗೋಕಾವಿಗಳ ಮಾಸ್ತರರು ಮಕ್ಕಳನ್ನು ಬೆಂಗಳೂರಿಗೆ ಸಹಲಿಗೆ ಕರೆದೊಯ್ದಾಗ ಲಾಲಬಾಗ, ವಿಧಾನಸೌಧಗಳ ಜೊತೆಗೆ ಅರ್ಧ ದಿವಸವನ್ನು ಆ ಸಂಗ್ರಹಾಲಯಕ್ಕೆ ಮೀಸಲಿಡಲಿ. ಎಚ್.ಟಿ.-2ರ ಮುಂದೆ ಮಕ್ಕಳನ್ನು ನಿಲ್ಲಿಸಿ, ಇದನ್ನು ರೇಖಿಸಿದವರ ಊರು ನಮ್ಮ ಸಂಕೇಶ್ವರದಾಚೆಗೆ, ಹಿರಣ್ಯಕೇಶಿಯ ಸೀಮೆಯಲ್ಲಿದೆಯೆಂದು ಅವರಿಗೆ ತಿಳಿಸಲಿ.