ವಿಮಾನ ಹಾರಿಸಲು ಹೋಗಿ ಐಬಿಎಂ ಆರ್ಡರ್ ಕಳೆದುಕೊಂಡರೇ ಗ್ಯಾರಿ ಕಿಲ್ಡಾಲ್? ‘ಡಾಸ್ ಲ್ಯಾಪ್‌ಟಾಪ್’ ಹಿಂದಿನ ನಿಜ ಕಥೆ

ಹುಬ್ಬಳ್ಳಿ-ಧಾರವಾಡದ ಅಂಗಡಿಗಳಲ್ಲಿ ಹೊಸ ಲ್ಯಾಪ್‌ಟಾಪ್ ಕೇಳಿದರೆ ಕೆಲವೊಮ್ಮೆ ಒಂದೇ ಬಗೆಯ ಯಂತ್ರಕ್ಕೆ ಎರಡು ಬೆಲೆ ಹೇಳುತ್ತಾರೆ. ವಿಂಡೋಸ್ ಇರುವುದಕ್ಕೆ ಒಂದು ಬೆಲೆ, ‘ಡಾಸ್’ ಇರುವುದಕ್ಕೆ ಸ್ವಲ್ಪ ಕಡಿಮೆ. ಡಾಸ್ ಎಂದರೆ ಏನು? ಅದನ್ನು ಕೊಂಡರೆ ಮೋಸವೇ? ಹಳೆಯ ಲ್ಯಾಪ್‌ಟಾಪಿಗೆ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಕೆಟ್ಟು ಹೋಗುತ್ತದೆಯೇ? ಈ ಪ್ರಶ್ನೆಗಳ ಉತ್ತರ 1994ರಲ್ಲಿ ತೀರಿಕೊಂಡ ಒಬ್ಬ ಕಂಪ್ಯೂಟರ್ ವಿಜ್ಞಾನಿಯ ಬದುಕಿನಲ್ಲಿದೆ. ಅವರ ಹೆಸರು ಗ್ಯಾರಿ ಕಿಲ್ಡಾಲ್.

ಕಿಲ್ಡಾಲ್ ಬಗ್ಗೆ ದಶಕಗಳಿಂದ ಒಂದು ಕಥೆ ಸುತ್ತುತ್ತಿದೆ. ಐಬಿಎಂ ಕಂಪನಿಯವರು ದೊಡ್ಡ ಆರ್ಡರ್ ಹಿಡಿದು ಅವರ ಮನೆ ಬಾಗಿಲಿಗೆ ಬಂದರಂತೆ. ಅವರು ಮಾತ್ರ ತಮ್ಮ ಸ್ವಂತ ವಿಮಾನ ಹಾರಿಸುತ್ತಾ ಮೋಜು ಮಾಡುತ್ತಿದ್ದರಂತೆ. ಆರ್ಡರ್ ಬಿಲ್ ಗೇಟ್ಸ್ ಪಾಲಾಯಿತಂತೆ. ಬಂದ ಅವಕಾಶ ಬಿಡಬಾರದು ಎಂಬ ನೀತಿಪಾಠಕ್ಕೆ ಈ ಕಥೆಯನ್ನು ಬಳಸುತ್ತಾರೆ. ಇದು ಪೂರ್ತಿ ಸುಳ್ಳಲ್ಲ. ಆದರೆ ನಿಜವಾದ ಪಾಠವನ್ನೇ ಮುಚ್ಚಿಡುವ ಅರ್ಧಸತ್ಯ.

ನಾವಿಕರ ಮನೆಯ ಹುಡುಗ

ಕಿಲ್ಡಾಲ್ ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ಸಿಯಾಟಲ್ ನಗರದಲ್ಲಿ. ಅವರ ಮನೆತನದವರು ಹಡಗು ನಡೆಸುವ ವಿದ್ಯೆ ಕಲಿಸುವ ಶಾಲೆ ಇಟ್ಟುಕೊಂಡಿದ್ದರು. ಗ್ಯಾರಿಗೆ ಗಣಿತದ ಮೇಷ್ಟ್ರಾಗುವ ಆಸೆ. ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ಕಂಪ್ಯೂಟರ್ ಹುಚ್ಚು ಹತ್ತಿತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ನೌಕಾಪಡೆಯ ಸೇವೆಗೆ ಹೋಗಬೇಕಾಯಿತು. ಅದೃಷ್ಟಕ್ಕೆ ಹಡಗಿನ ಬದಲು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ನೌಕಾಪಡೆಯ ಸ್ನಾತಕೋತ್ತರ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. 1972ರಲ್ಲಿ ಪಿಎಚ್.ಡಿ. ಪಡೆದರು.

1971ರ ಕೊನೆಯಲ್ಲಿ ಇಂಟೆಲ್ ಕಂಪನಿ ತನ್ನ ಮೊದಲ ಮೈಕ್ರೊಪ್ರೊಸೆಸರನ್ನು ಮಾರುಕಟ್ಟೆಗೆ ತಂದಿತ್ತು. ಅದನ್ನು ಕ್ಯಾಲ್ಕುಲೇಟರ್, ಸಿಗ್ನಲ್ ದೀಪದಂತಹ ಸಣ್ಣ ಕೆಲಸಗಳಿಗೆ ಬಳಸಬಹುದು ಎಂದು ಹೆಚ್ಚಿನವರು ಎಣಿಸಿದ್ದರು. ಇದು ಒಂದು ಪೂರ್ಣ ಕಂಪ್ಯೂಟರ್ ಆಗಬಲ್ಲದು ಎಂದು ಬೇಗ ಕಂಡುಕೊಂಡ ಕೆಲವರಲ್ಲಿ ಕಿಲ್ಡಾಲ್ ಒಬ್ಬರು. ಇಂಟೆಲ್‌ಗೆ ಸಲಹೆಗಾರರಾಗಿ ಪಿಎಲ್/ಎಂ ಎಂಬ ಪ್ರೋಗ್ರಾಮಿಂಗ್ ಭಾಷೆ ರೂಪಿಸಿದರು. 1974ರಲ್ಲಿ ಸ್ನೇಹಿತರೊಬ್ಬರ ನೆರವಿನಿಂದ ಒಂದು ಫ್ಲಾಪಿ ಡ್ರೈವನ್ನು ಸಣ್ಣ ಕಂಪ್ಯೂಟರಿಗೆ ಜೋಡಿಸಿ, ಫೈಲುಗಳನ್ನು ಇಡಲು, ಹುಡುಕಲು, ತೆರೆಯಲು ಸಾಫ್ಟ್‌ವೇರ್ ಬರೆದರು. ಅದೇ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್. ಇಂಟೆಲ್ ಅದನ್ನು ಕೊಳ್ಳಲಿಲ್ಲ. ಕಿಲ್ಡಾಲ್ ಮತ್ತು ಪತ್ನಿ ಡೊರೊಥಿ ಸೇರಿ ಮನೆಯಿಂದಲೇ ಕಂಪನಿ ತೆರೆದರು. ಅದು ಮುಂದೆ ಡಿಜಿಟಲ್ ರಿಸರ್ಚ್ ಎಂದು ಹೆಸರಾಯಿತು.

ಯಂತ್ರ ಬೇರೆ, ಆಪರೇಟಿಂಗ್ ಸಿಸ್ಟಮ್ ಬೇರೆ

ಆಗ ಪ್ರತಿ ಕಂಪನಿಯ ಕಂಪ್ಯೂಟರಿನ ಒಳರಚನೆ ಬೇರೆ ಬೇರೆ. ಒಂದಕ್ಕೆ ಬರೆದ ಸಾಫ್ಟ್‌ವೇರ್ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಹೊಸ ಯಂತ್ರ ಬಂದಾಗಲೆಲ್ಲ ಸಿಪಿ/ಎಂ ತಿದ್ದಿ ತಿದ್ದಿ ಕಿಲ್ಡಾಲ್ ಸಾಕಾಗಿಹೋದರು. ಕೊನೆಗೆ ಒಂದು ಸರಳ ಉಪಾಯ ಮಾಡಿದರು. ಕೀಬೋರ್ಡ್, ಸ್ಕ್ರೀನ್, ಡಿಸ್ಕ್‌ಗಳ ಜೊತೆ ನೇರವಾಗಿ ಮಾತಾಡುವ ಭಾಗವನ್ನು ಕತ್ತರಿಸಿ ಪ್ರತ್ಯೇಕ ಇಟ್ಟರು. ಅದಕ್ಕೆ ಬಯಾಸ್ ಎಂದು ಹೆಸರಿಟ್ಟರು. ಯಂತ್ರ ಬದಲಾದರೆ ಆ ಸಣ್ಣ ಭಾಗ ಮಾತ್ರ ಬದಲಿಸಿದರೆ ಸಾಕು, ಉಳಿದದ್ದು ಹಾಗೆಯೇ ನಡೆಯುತ್ತದೆ.

ಮಿಕ್ಸರಿಗೆ ಒಂದು, ಫ್ಯಾನಿಗೆ ಒಂದು ಎಂದು ಗೋಡೆ ಒಡೆದು ವೈರಿಂಗ್ ಮಾಡುವ ಬದಲು ಎಲ್ಲಕ್ಕೂ ಒಂದೇ ಬಗೆಯ ಪ್ಲಗ್ ಪಾಯಿಂಟ್ ಕೊಟ್ಟಂತೆ ಇದು. 1981ರ ಹೊತ್ತಿಗೆ ಸಿಪಿ/ಎಂ ಸುಮಾರು 3,000 ಮಾದರಿಯ ಕಂಪ್ಯೂಟರುಗಳಲ್ಲಿ ನಡೆಯುತ್ತಿತ್ತು. ಆ ವರ್ಷ ಬಂದ ಆಸ್ಬೋರ್ನ್ 1 ಎಂಬ ಹೊತ್ತೊಯ್ಯುವ ಕಂಪ್ಯೂಟರಿನಲ್ಲೂ ಇದ್ದದ್ದು ಅದೇ. ಇಂದಿನ ಲ್ಯಾಪ್‌ಟಾಪಿನ ಆ ಹಿರಿಯಣ್ಣ ಸುಮಾರು 11 ಕಿಲೋ ತೂಗುತ್ತಿತ್ತು!

ಆ ದಿನ ಆದದ್ದೇನು?

1980ರಲ್ಲಿ ಐಬಿಎಂ ತನ್ನ ಮೊದಲ ಪರ್ಸನಲ್ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಮ್ ಹುಡುಕುತ್ತಿತ್ತು. ಅದರ ಪ್ರತಿನಿಧಿಗಳು ಪೆಸಿಫಿಕ್ ಗ್ರೋವ್ ಊರಿನ ಡಿಜಿಟಲ್ ರಿಸರ್ಚ್‌ಗೆ ಬಂದ ದಿನ ಕಿಲ್ಡಾಲ್ ವಿಮಾನದಲ್ಲಿ ಹೋಗಿದ್ದು ನಿಜ. ಆದರೆ ಅವರು ಹೋಗಿದ್ದು ಇನ್ನೊಬ್ಬ ಗ್ರಾಹಕರನ್ನು ಕಾಣಲು, ಮೋಜಿಗಲ್ಲ. ಕಂಪನಿಯ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಡೊರೊಥಿ. ಆದ್ದರಿಂದ ಮಾತುಕತೆಗೆ ಅವರು ಕೂತಿದ್ದರಲ್ಲಿ ವಿಚಿತ್ರವೇನಿಲ್ಲ. ಐಬಿಎಂ ಮುಂದಿಟ್ಟ ಗೋಪ್ಯತಾ ಒಪ್ಪಂದ ಒಂದೇ ಕಡೆಗೆ ವಾಲಿದಂತಿತ್ತು, ಸಹಿ ಹಾಕಲು ಅವರು ಹಿಂಜರಿದರು. ಮಧ್ಯಾಹ್ನದ ಮೇಲೆ ನಡೆದದ್ದನ್ನು ಎರಡೂ ಕಡೆಯವರು ಬೇರೆ ಬೇರೆಯಾಗಿ ಹೇಳಿದ್ದಾರೆ. ಹಣದ ವಿಷಯದಲ್ಲೂ ತಕರಾರಿತ್ತು. ಐಬಿಎಂಗೆ ಒಂದೇ ಸಲ ದುಡ್ಡು ಕೊಟ್ಟು ಮುಗಿಸುವ ಇರಾದೆ, ಡಿಜಿಟಲ್ ರಿಸರ್ಚ್‌ಗೆ ಪ್ರತಿ ಪ್ರತಿಯ ಮೇಲೂ ರಾಯಲ್ಟಿ ಬೇಕಿತ್ತು.

ಐಬಿಎಂ ಮೈಕ್ರೊಸಾಫ್ಟ್ ಕಡೆ ತಿರುಗಿತು. ಮೈಕ್ರೊಸಾಫ್ಟ್ ಬಳಿ ಸ್ವಂತ ಆಪರೇಟಿಂಗ್ ಸಿಸ್ಟಮ್ ಸಿದ್ಧವಿರಲಿಲ್ಲ. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್‌ನಲ್ಲಿ ಟಿಮ್ ಪ್ಯಾಟರ್ಸನ್ ಬರೆದಿದ್ದ ಸಿಸ್ಟಮ್ ಒಂದನ್ನು ಅದು ಕೊಂಡಿತು. ಅದರ ಆದೇಶಗಳ ರೀತಿ, ಪ್ರೋಗ್ರಾಮುಗಳು ಅದನ್ನು ಕರೆಯುವ ಕ್ರಮ ಸಿಪಿ/ಎಂ ಅನ್ನು ಹೋಲುತ್ತಿತ್ತು. ಸಿಪಿ/ಎಂನ ಮೂಲ ಕೋಡ್ ಕದ್ದಿದ್ದಾರೆ ಎಂಬುದು ಮಾತ್ರ ಎಂದೂ ಸಾಬೀತಾಗಲಿಲ್ಲ. ನಿಮ್ಮ ವಿಂಡೋಸಿನಲ್ಲಿ ಇಂದಿಗೂ ಕಾಣುವ ‘ಸಿ ಡ್ರೈವ್’ ಎಂಬ ಅಕ್ಷರದ ಹೆಸರು ಡಾಸಿಗೆ ಬಂದದ್ದು ಸಿಪಿ/ಎಂ ಮೂಲಕವೇ.

ಕಿಲ್ಡಾಲ್ ಆಕ್ಷೇಪ ಎತ್ತಿದಾಗ ಐಬಿಎಂ ಎರಡನ್ನೂ ಮಾರಲು ಒಪ್ಪಿತು. ಇಲ್ಲಿದೆ ಅಸಲಿ ಪೆಟ್ಟು: ಪಿಸಿ-ಡಾಸ್ ಬೆಲೆ 40 ಡಾಲರ್, ಸಿಪಿ/ಎಂ-86 ಬೆಲೆ 240 ಡಾಲರ್. ಅಂಗಡಿಯಲ್ಲಿ ನಿಂತ ಗ್ರಾಹಕ ಯಾವುದನ್ನು ಎತ್ತಿಕೊಂಡಿರಬಹುದು, ನೀವೇ ಹೇಳಿ. ಕಿಲ್ಡಾಲ್ ಸೋತದ್ದು ಒಂದು ದಿನದ ವಿಮಾನ ಪ್ರಯಾಣದಿಂದಲ್ಲ, ಒಪ್ಪಂದ ಮತ್ತು ಬೆಲೆಯಿಂದ.

ನಂತರದ ಬದುಕು

ಅವರು ಸುಮ್ಮನೆ ಕೂರಲಿಲ್ಲ. ಕಂಪ್ಯೂಟರ್ ಬಗ್ಗೆ ತಿಳಿಸುವ ಟಿವಿ ಕಾರ್ಯಕ್ರಮವೊಂದರ ಸಹ ನಿರೂಪಕರಾಗಿ ವರ್ಷಗಟ್ಟಲೆ ಕೆಲಸ ಮಾಡಿದರು. 1985ರಲ್ಲಿ ಅವರ ಇನ್ನೊಂದು ಕಂಪನಿ ಇಡೀ ವಿಶ್ವಕೋಶವೊಂದನ್ನು ಸಿ.ಡಿ.ಗೆ ತಂದಿತು. 1988ರಲ್ಲಿ ಡಿಜಿಟಲ್ ರಿಸರ್ಚ್, ಮೈಕ್ರೊಸಾಫ್ಟ್‌ಗೆ ಎದುರಾಗಿ ಡಿಆರ್-ಡಾಸ್ ತಂದಿತು. 1991ರಲ್ಲಿ ನೊವೆಲ್ ಕಂಪನಿ ಡಿಜಿಟಲ್ ರಿಸರ್ಚನ್ನು ಕೊಂಡಿತು. ಡೊರೊಥಿ ಜೊತೆಗಿನ ಮದುವೆ ಆಗಲೇ ಮುರಿದಿತ್ತು. ವಿಮಾನ ಹಾರಿಸಲು ಹೋಗಿದ್ದ ಮನುಷ್ಯ ಎಂಬ ಹಣೆಪಟ್ಟಿ ಅವರನ್ನು ಕೊನೆಯವರೆಗೂ ಕಾಡಿತು. ತಲೆಗೆ ಪೆಟ್ಟು ಬಿದ್ದು 1994ರ ಜುಲೈ 11ರಂದು ಮಾಂಟೆರೆಯಲ್ಲಿ ತೀರಿಕೊಂಡಾಗ ವಯಸ್ಸು 52. ಇಪ್ಪತ್ತು ವರ್ಷಗಳ ಬಳಿಕ, 2014ರಲ್ಲಿ, ಪೆಸಿಫಿಕ್ ಗ್ರೋವ್‌ನ ಅವರ ಹಳೆಯ ಕಚೇರಿಯ ಮುಂದೆ ಎಂಜಿನಿಯರುಗಳ ಸಂಸ್ಥೆ ಐಇಇಇ ಗೌರವ ಫಲಕ ಹಾಕಿತು.

ಅವರು ತೀರಿಕೊಳ್ಳುವ ಎರಡು ವಾರಗಳಿಗೂ ಕಡಿಮೆ ಸಮಯದ ಮುಂಚೆ, ಜೂನ್ 29ರಂದು, ಅಮೆರಿಕದ ವಿದ್ಯಾರ್ಥಿಯೊಬ್ಬರು ಎಲ್ಲರಿಗೂ ಉಚಿತವಾದ ಡಾಸ್ ಬರೆಯೋಣ ಎಂದು ಇಂಟರ್‌ನೆಟ್ಟಿನಲ್ಲಿ ಘೋಷಿಸಿದ್ದರು. ಅದೇ ಇಂದಿನ ಫ್ರೀಡಾಸ್. ಅಂಗಡಿಯವರು ‘ಡಾಸ್ ಲ್ಯಾಪ್‌ಟಾಪ್’ ಎನ್ನುವಾಗ ಸಾಮಾನ್ಯವಾಗಿ ಹೇಳುವುದು ಇದನ್ನೇ.

ಇದರಿಂದ ನಮಗೇನು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. 2017ಕ್ಕಿಂತ ಹಳೆಯ ಬಹುತೇಕ ಲ್ಯಾಪ್‌ಟಾಪುಗಳು ವಿಂಡೋಸ್ 11ರ ಷರತ್ತಿಗೆ ಹೊಂದುವುದಿಲ್ಲ. ಹಾಗೆಂದು ಅವು ಗುಜರಿಗೆ ಹೋಗಬೇಕಿಲ್ಲ. ಯಂತ್ರ ಮತ್ತು ಆಪರೇಟಿಂಗ್ ಸಿಸ್ಟಮ್ ಬೇರೆ ಬೇರೆ ಎಂಬ ಕಿಲ್ಡಾಲ್ ಸೂತ್ರ ಇಂದಿಗೂ ನಡೆಯುತ್ತದೆ. ಹೀಗೆ ಮಾಡಿ:

• ಡಾಸ್ ಲ್ಯಾಪ್‌ಟಾಪ್ ಮೋಸವಲ್ಲ. ಆದರೆ ಆನ್ ಮಾಡಿದರೆ ಕಪ್ಪು ಪರದೆ ಮಾತ್ರ ಕಾಣುತ್ತದೆ. ಲಿನಕ್ಸ್ ಉಚಿತವಾಗಿ ಹಾಕಿಕೊಳ್ಳಬಹುದು. ವಿಂಡೋಸೇ ಬೇಕಿದ್ದರೆ ಲೈಸೆನ್ಸ್ ಬೆಲೆ ಕೂಡಿಸಿ ಲೆಕ್ಕ ಹಾಕಿ. ಕ್ರ್ಯಾಕ್ ಮಾಡಿದ ವಿಂಡೋಸ್ ಬೇಡ, ಅದರ ಜೊತೆ ವೈರಸ್ ಬರಬಹುದು.

• ಲಿನಕ್ಸ್ ಹಾಕಿದರೆ ಲ್ಯಾಪ್‌ಟಾಪ್ ಸುಟ್ಟುಹೋಗುವುದಿಲ್ಲ. ಉಬುಂಟು, ಲಿನಕ್ಸ್ ಮಿಂಟ್‌ನಂತಹವನ್ನು ಮೊದಲು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿ. ವೈಫೈ, ಧ್ವನಿ, ಪ್ರಿಂಟರ್ ಸರಿ ಇದ್ದರೆ ಆಮೇಲೆ ಹಾಕಿ.

• ಹಾಕುವ ಮುಂಚೆ ಫೋಟೊ, ಅಂಕಪಟ್ಟಿ, ಲೆಕ್ಕಪತ್ರ ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ. ಯಂತ್ರ ಕೆಡುವುದಿಲ್ಲ, ಆದರೆ ಫೈಲ್ ಅಳಿಸಿಹೋಗಬಹುದು.

• ಲಿನಕ್ಸಿನಲ್ಲಿ ಕನ್ನಡ ಬರುವುದಿಲ್ಲ ಎಂಬುದು ಸುಳ್ಳು. ಯುನಿಕೋಡ್ ಕನ್ನಡ ಸರಾಗವಾಗಿ ಬರುತ್ತದೆ, ನುಡಿಯ ಕೀಲಿಮಣೆ ವಿನ್ಯಾಸವೂ ಸಿಗುತ್ತದೆ. ನುಡಿಯ ಹಳೆಯ ಫಾಂಟಿನಲ್ಲಿ ಟೈಪಿಸಿದ ಫೈಲುಗಳನ್ನು ಮಾತ್ರ ಯುನಿಕೋಡಿಗೆ ಪರಿವರ್ತಿಸಬೇಕು, ಮೂಲ ಪ್ರತಿ ಇಟ್ಟುಕೊಳ್ಳಿ.

• ಟ್ಯಾಲಿಯಂತಹ ವಿಂಡೋಸ್ ಸಾಫ್ಟ್‌ವೇರಿನಲ್ಲೇ ಅಂಗಡಿ ಲೆಕ್ಕ ಬರೆಯುವವರು ವಿಂಡೋಸ್ ಬಿಡದಿರುವುದು ಲೇಸು. ಸಪ್ತಾಪುರದಲ್ಲಿ ಕೋಚಿಂಗ್ ಕ್ಲಾಸಿಗೆ ಹೋಗುತ್ತಾ ವಿಡಿಯೊ ಪಾಠ ನೋಡುವ, ನೋಟ್ಸ್ ಬರೆಯುವ ವಿದ್ಯಾರ್ಥಿಗೆ ಲಿನಕ್ಸ್ ಸಾಕು.

ತೀರ್ಮಾನ: ಕಿಲ್ಡಾಲ್ ಮೋಜಿಗೆ ವಿಮಾನ ಹಾರಿಸಿ ಐಬಿಎಂ ಆರ್ಡರ್ ಕಳೆದುಕೊಂಡರು ಎಂಬುದು ಅರ್ಧಸತ್ಯ. ಆಪರೇಟಿಂಗ್ ಸಿಸ್ಟಮ್ ಬದಲಿಸಿದರೆ ಲ್ಯಾಪ್‌ಟಾಪ್ ಹಾಳಾಗುತ್ತದೆ ಎಂಬುದು ಸುಳ್ಳು. ಹಳೆಯ ಲ್ಯಾಪ್‌ಟಾಪ್ ಮಾರುವ ಯೋಚನೆಯಲ್ಲಿರುವ ನಿಮ್ಮ ಮನೆಯವರಿಗೂ ಇದನ್ನು ಕಳಿಸಿ.